ತೂಕಡಿಕೆ ಜಾಸ್ತಿ ಇರುವವರ ಗಮನ ಅಳೆಯುವುದು ಹೇಗೆ?

ಹಗಲಿಡೀ ನಿದ್ದೆ ಎಳೆಯುವವರನ್ನು ಪರೀಕ್ಷಿಸುವ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ನಾವು ಅಳೆಯಬೇಕಾಗಿರುವುದು ಏನನ್ನು? ನಿದ್ದೆ ಎಷ್ಟು ಬೇಗ ಬರುತ್ತದೆ ಅನ್ನುವುದು ಒಂದು. ಬರುವ ನಿದ್ದೆಯನ್ನು ಎಷ್ಟು ಹೊತ್ತು ತಡೆಯಬಲ್ಲರು ಅನ್ನುವುದು ಇನ್ನೊಂದು. ಕಣ್ಣು ಬಿಟ್ಟುಕೊಂಡೇ ಇರುವಾಗ, ಬೇಸರ ಹಿಡಿಸುವ ಕೆಲಸದ ಮೇಲೂ ಗಮನ ತಪ್ಪದೆ ನಿಲ್ಲುತ್ತದಾ ಅನ್ನುವುದು ಮೂರನೆಯದು. ವಿಜಿಲೆನ್ಸ್ ಅಂದರೆ ಈ ಮೂರನೆಯದೇ. ಮೂರನ್ನೂ ಕಲಸಿಬಿಟ್ಟರೆ, ನಿಜವಾಗಿ ಕಷ್ಟ ಪಡುತ್ತಿರುವವರೂ ‘ರಿಪೋರ್ಟ್ ನಾರ್ಮಲ್ ಇದೆ’ ಅನ್ನಿಸಿಕೊಂಡು ಮನೆಗೆ ಬರಬೇಕಾಗುತ್ತದೆ.

ಮೊದಲ ಹೆಜ್ಜೆ ಪ್ರಶ್ನೆಪಟ್ಟಿ. 1991ರಲ್ಲಿ ನಿದ್ದೆಯ ತಜ್ಞ ವೈದ್ಯ ಮರ್ರೆ ಜಾನ್ಸ್ ರೂಪಿಸಿದ ಎಪ್‌ವರ್ತ್ ಸ್ಕೇಲ್‌ನಲ್ಲಿ 8 ಸನ್ನಿವೇಶಗಳಿವೆ. ಓದುವಾಗ, ಟಿವಿ ನೋಡುವಾಗ, ಊಟವಾದ ಮೇಲೆ ಸುಮ್ನೆ ಕೂತಾಗ, ಹೀಗೆ. ತೂಕಡಿಸುವ ಸಾಧ್ಯತೆಗೆ ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಒಟ್ಟು 24ರಲ್ಲಿ 10 ದಾಟಿದರೆ ತೂಕಡಿಕೆ ಜಾಸ್ತಿ ಎಂದು ಲೆಕ್ಕ. ಆದರೆ ವರ್ಷಗಟ್ಟಲೆ ನಿದ್ದೆಗಣ್ಣಲ್ಲೇ ಬದುಕಿದವರಿಗೆ ಅದೇ ಅಭ್ಯಾಸವಾಗಿಬಿಟ್ಟಿರುತ್ತದೆ, ಹಾಗಾಗಿ ಅಂಕ ಕಡಿಮೆ ಬರಬಹುದು. ಜೊತೆಯಲ್ಲಿ ಇರುವವರನ್ನೂ ಕೇಳಿ.

ಮುಂದಿನದು ಲ್ಯಾಬ್ ಕೆಲಸ. ಎಂಎಸ್‌ಎಲ್‌ಟಿ (ಮಲ್ಟಿಪಲ್ ಸ್ಲೀಪ್ ಲೇಟೆನ್ಸಿ ಟೆಸ್ಟ್) ಪರೀಕ್ಷೆಯಲ್ಲಿ ಹಗಲಿನಲ್ಲಿ ಎರಡೆರಡು ಗಂಟೆಗೊಮ್ಮೆ ಮಲಗಿಸಿ, ಎಷ್ಟು ಬೇಗ ನಿದ್ದೆ ಹತ್ತುತ್ತದೆ ನೋಡುತ್ತಾರೆ. ಸರಾಸರಿ 8 ನಿಮಿಷ ಅಥವಾ ಕಡಿಮೆ ಬಂದರೆ ಅದು ಸಹಜವಲ್ಲ. ಎಂಡಬ್ಲ್ಯೂಟಿ (ಮೇಂಟೆನೆನ್ಸ್ ಆಫ್ ವೇಕ್‌ಫುಲ್‌ನೆಸ್ ಟೆಸ್ಟ್) ಇದಕ್ಕೆ ತಿರುಗುಮುರುಗು. ಮಂದ ಬೆಳಕಿನಲ್ಲಿ ಕೂರಿಸಿ, 40 ನಿಮಿಷ ನಿದ್ದೆ ಮಾಡದೆ ಇರಿ ಅನ್ನುತ್ತಾರೆ. ಎರಡೂ ಬೇಕಾದವೇ. ಆದರೆ ಇವು ತೋರಿಸುವುದು ನಿದ್ದೆಯನ್ನು, ಗಮನವನ್ನಲ್ಲ.

ಗಮನ ನೋಡಲು ನನ್ನ ಆಯ್ಕೆ ಪಿವಿಟಿ, ಅಂದರೆ ಸೈಕೋಮೋಟರ್ ವಿಜಿಲೆನ್ಸ್ ಟೆಸ್ಟ್. 10 ನಿಮಿಷದ ಪರೀಕ್ಷೆ. 2ರಿಂದ 10 ಸೆಕೆಂಡಿನೊಳಗೆ ಯಾವಾಗ ಬೇಕಾದರೂ ಪರದೆಯ ಮೇಲೆ ಅಂಕಿ ಓಡಲು ಶುರುವಾಗುತ್ತದೆ, ಕಂಡ ತಕ್ಷಣ ಬಟನ್ ಒತ್ತಬೇಕು, ಅಷ್ಟೇ. ಸುಲಭ ಅನ್ನಿಸುತ್ತದೆ ಅಲ್ವಾ? ಆ ಸುಲಭವೇ ಇದರ ಬಲ, ಯಾಕೆಂದರೆ ಬುದ್ಧಿವಂತಿಕೆಯಿಂದ ಮುಚ್ಚಿಡಲು ಇಲ್ಲಿ ಜಾಗವಿಲ್ಲ. ಉತ್ತರ 500 ಮಿಲಿಸೆಕೆಂಡಿಗಿಂತ ತಡವಾದರೆ ಗಮನ ತಪ್ಪಿತು ಎಂದು ಲೆಕ್ಕ. ಬರೀ ಸರಾಸರಿ ನೋಡಿ ಬಿಡಬೇಡಿ. ಎಷ್ಟು ಸಲ ತಪ್ಪಿತು, ಅಂಕಿ ಬರುವ ಮೊದಲೇ ಎಷ್ಟು ಸಲ ಒತ್ತಿದರು, ಕೊನೆಯ ನಿಮಿಷಗಳಲ್ಲಿ ಹದಗೆಟ್ಟಿತಾ, ಇವನ್ನು ನೋಡಿ. ಹೊತ್ತು ಕಳೆದಂತೆ ಗಮನ ಕುಸಿಯುವುದನ್ನು ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲೇ ತೋರಿಸಿದ್ದರು. ಅವರ ಪ್ರಯೋಗದಲ್ಲಿ ಗಡಿಯಾರದಂಥ ಮುಳ್ಳು ಆಗೊಮ್ಮೆ ಈಗೊಮ್ಮೆ ಎರಡು ಹೆಜ್ಜೆ ಒಟ್ಟಿಗೆ ಜಿಗಿಯುತ್ತಿತ್ತು, ಮೊದಲ ಅರ್ಧ ಗಂಟೆಯಲ್ಲೇ ಅದನ್ನು ಗುರುತಿಸುವುದು ತಪ್ಪತೊಡಗಿತ್ತು.

ಗಮನ ಅಳೆಯುವ ಇನ್ನೊಂದು ಪರೀಕ್ಷೆ ಸಾರ್ಟ್ (ಸಸ್ಟೇನ್ಡ್ ಅಟೆನ್ಷನ್ ಟು ರೆಸ್ಪಾನ್ಸ್ ಟಾಸ್ಕ್), 4 ನಿಮಿಷ ಚಿಲ್ಲರೆ. ಪ್ರತಿ ಅಂಕಿಗೂ ಬಟನ್ ಒತ್ತಬೇಕು, 3 ಬಂದಾಗ ಮಾತ್ರ ಒತ್ತಬಾರದು.

ಪರೀಕ್ಷೆಗೆ ಮುಂಚೆ ಒಂದೆರಡು ವಾರ ನಿದ್ದೆಯ ಡೈರಿ ಬರೆಸಿ, ಯಾಕೆಂದರೆ ರಾತ್ರಿ ನಿದ್ದೆ ಸಾಲದೆ ಬಂದವರ ಫಲಿತಾಂಶವೂ ಕಾಯಿಲೆಯಂತೆಯೇ ಕಾಣುತ್ತದೆ. ಕಾಫಿ, ಮಾತ್ರೆಗಳ ವಿವರ ಬರೆದಿಡಿ. ಮಾತ್ರೆ ನಿಲ್ಲಿಸುವುದು ಡಾಕ್ಟರ್ ಹೇಳಿದರೆ ಮಾತ್ರ. ಫೋನಿನಲ್ಲಿ ಮಾಡಿದ ಪಿವಿಟಿಯನ್ನು ಲ್ಯಾಬಿನದರ ಜೊತೆ ಹೋಲಿಸಬೇಡಿ, ಟಚ್ ಪರದೆಯೇ ಸ್ವಲ್ಪ ತಡ ಮಾಡುತ್ತದೆ. ಚಿಕಿತ್ಸೆ ಶುರುವಾದ ಮೇಲೆ ಅದೇ ಪರೀಕ್ಷೆಯನ್ನು, ಅದೇ ಉಪಕರಣದಲ್ಲಿ, ದಿನದ ಅದೇ ಹೊತ್ತಿನಲ್ಲಿ ಮತ್ತೆ ಮಾಡಿ. ಎಪ್‌ವರ್ತ್ ಅಂಕ ಇಳಿದಿದ್ದರೂ ಪಿವಿಟಿಯಲ್ಲಿ ಗಮನ ತಪ್ಪುತ್ತಲೇ ಇದ್ದರೆ, ವಾಹನ ಓಡಿಸುವ ಮಾತನ್ನು ಡಾಕ್ಟರ್ ಜೊತೆ ಬಿಡಿಸಿ ಆಡಿ.