ಚಿಂಚೋಳಿ ಕಾಡು ನೋಡಬೇಕೆ? ಹಿಂದಿನ ದಿನವೇ ಹೊರಡಿ

ಮೊದಲ ಸಲ ಚಿಂಚೋಳಿ ಕಾಡಿನ ಚಂದ್ರಂಪಳ್ಳಿಗೆ ಹೋದಾಗ ನನಗೆ ಕಂಡಿದ್ದು ನಾಲ್ಕು ಎಮ್ಮೆ. ಬೆಳಿಗ್ಗೆ ಆರಾಮಾಗಿ ಚಹಾ ಕುಡಿದು ಕಲಬುರಗಿ ಬಿಟ್ಟು, ಹನ್ನೊಂದಕ್ಕೆ ಜಲಾಶಯದ ದಂಡೆಗೆ ಮುಟ್ಟಿದ್ದೆ. ಎಮ್ಮೆ ಕಾಯುತ್ತಿದ್ದ ಕಾಕಾ ನಕ್ಕರು. ‘ಈಗ್ ಬಂದ್ರ ಏನ್ ಕಾಣ್ತದ್ರಿ? ನಸುಕಿನ್ಯಾಗ ಬರ್ಬೇಕಿತ್ತು.’

ಹಾಗಾಗಿ ಮೊದಲ ಕೆಲಸ, ಹಿಂದಿನ ಸಂಜೆಯೇ ಚಿಂಚೋಳಿ ಸೇರುವುದು. ಕಲಬುರಗಿಯಿಂದ ಸುಮಾರು 85 ಕಿ.ಮೀ. ಬಸ್ಸಿವೆ. ಆದರೆ ಅಲ್ಲಿಂದ ಮುಂದೆ ಬೆಳಗಿನ ಜಾವಕ್ಕೆ ಸ್ವಂತ ಗಾಡಿಯೋ ಬಾಡಿಗೆ ಜೀಪೋ ಬೇಕೇ ಬೇಕು.

ಎರಡನೆಯದು ಅನುಮತಿ. ಇದು ಸುಮ್ನೆ ಗುಡ್ಡ ಅಲ್ಲ. 2011ರಲ್ಲಿ ಘೋಷಣೆಯಾದ, 134.88 ಚದರ ಕಿ.ಮೀ. ವಿಸ್ತಾರದ ವನ್ಯಜೀವಿಧಾಮ. ಒಳಗೆ ನಡೆದಾಡುವ ಆಸೆಯಿದ್ದರೆ ಮೊದಲೇ ಅರಣ್ಯ ಇಲಾಖೆಯವರನ್ನು ಕೇಳಿ, ದಾರಿ ಬಲ್ಲವರನ್ನು ಜೊತೆಗೆ ಕರೆದುಕೊಳ್ಳಿ. ತಾಂಡಾದ ಹುಡುಗರಿಗೆ ಗೊತ್ತಿರುವಷ್ಟು ದಾರಿ ಮೊಬೈಲ್ ನಕ್ಷೆಗೆ ಗೊತ್ತಿಲ್ಲ. ಅವರ ಕೂಲಿ ಎಷ್ಟೆಂದು ಹೊರಡುವ ಮುಂಚೆಯೇ ಮಾತಾಡಿಬಿಡಿ.

ಯಾವಾಗ ಹೋಗಬೇಕು? ಎತ್ತಿಪೋತಾ ಜಲಪಾತಕ್ಕಾದರೆ ಮಳೆಗಾಲ. ಬೇಸಿಗೆಯಲ್ಲಿ ಹೋದರೆ ಬಂಡೆ ನೋಡಿ ಬರಬೇಕಾಗುತ್ತದೆ. ಮಳೆಯಲ್ಲಿ ಬಂಡೆ ಪಾಚಿಗಟ್ಟಿರುತ್ತದೆ, ಫೋಟೊಕ್ಕಾಗಿ ಅಂಚಿಗೆ ಹೋಗಬೇಡಿ. ಪ್ರಾಣಿ ನೋಡಲು ನನಗೆ ಇಷ್ಟವಾಗುವುದು ಫೆಬ್ರುವರಿ ಕೊನೆ. ಎಲೆ ಉದುರಿ ದೂರದವರೆಗೆ ಕಣ್ಣು ಹಾಯುತ್ತದೆ, ಮುತ್ತುಗ ಕೆಂಪಗೆ ಹೂ ಬಿಟ್ಟಿರುತ್ತದೆ. ಹಳ್ಳಗಳು ಬತ್ತುತ್ತಾ ಬಂದಂತೆ ಪ್ರಾಣಿಗಳು ಉಳಿದ ನೀರಿನ ಕಡೆಗೇ ಬರುತ್ತವೆ. ಏಪ್ರಿಲ್, ಮೇ ಬೇಡ. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ.

ಈಗ ನಿಜವಾದ ಕೆಲಸ: ನೋಡುವುದು. ಹುಲಿ ಸಫಾರಿಯ ಲೆಕ್ಕದಲ್ಲಿ ಬಂದರೆ ಬೇಜಾರಾಗುತ್ತದೆ. ಇಲ್ಲಿರುವುದು ಕೊಂಡುಕುರಿ (ಹೆಸರಲ್ಲಿ ಕುರಿ, ನೋಡಲು ಪುಟ್ಟ ಜಿಂಕೆಯಂತೆ), ತೋಳ, ನರಿ, ಕತ್ತೆಕಿರುಬ, ನವಿಲು. ಎಲ್ಲವೂ ನಾಚಿಕೆಯ ಜೀವಗಳೇ, ನವಿಲೊಂದನ್ನು ಬಿಟ್ಟು! ಹೊತ್ತು ಮೂಡುವ ಮುಂಚೆ ನೀರು ಕಾಣುವ ಕಡೆ ಮರದ ಮರೆಯಲ್ಲಿ ಕೂತುಬಿಡಿ. ಗಾಳಿ ಪ್ರಾಣಿಯ ಕಡೆಯಿಂದ ನಿಮ್ಮ ಕಡೆಗೆ ಬೀಸುವಂತಿರಲಿ. ಅತ್ತರು ಬೇಡ, ಬಿಳಿ ಅಂಗಿಯೂ ಬೇಡ.

ಕೊಂಡುಕುರಿಗೆ ಆಗಾಗ ನೀರು ಕುಡಿಯಲೇಬೇಕು, ಅದಕ್ಕೇ ನೀರಿನಿಂದ ಜಾಸ್ತಿ ದೂರ ಹೋಗುವುದಿಲ್ಲ. ಗಂಡಿಗೆ ನಾಲ್ಕು ಕೊಂಬು, ಮುಂದಿನ ಜೋಡಿ ಗಿಡ್ಡ. ಹೆಣ್ಣಿಗೆ ಕೊಂಬೇ ಇಲ್ಲ. ಪ್ರಾಣಿ ಕಾಣದಿದ್ದರೆ ಹಿಕ್ಕೆ ಹುಡುಕಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವುದು ಇದರ ಚಾಳಿ. ಸಣ್ಣ ಗುಡ್ಡೆ ಕಂಡರೆ ಅದರ ಓಡಾಟ ಅಲ್ಲೇ ಎಂದು ತಿಳಿಯಬಹುದು.

ಕತ್ತೆಕಿರುಬದ ಗುರುತು ಇನ್ನೂ ಸುಲಭ. ಎಲುಬು ಕಡಿದು ತಿನ್ನುವುದರಿಂದ ಅದರ ಲದ್ದಿ ಒಣಗಿದ ಮೇಲೆ ಸುಣ್ಣದಂತೆ ಬೆಳ್ಳಗಾಗುತ್ತದೆ. ಮುಂಗಾಲಿನ ಹೆಜ್ಜೆ ಹಿಂಗಾಲಿನದ್ದಕ್ಕಿಂತ ದೊಡ್ಡದು. ತೋಳದ ಹೆಜ್ಜೆಯನ್ನು ಮಾತ್ರ ನಾಯಿಯದ್ದರಿಂದ ಬೇರೆ ಮಾಡುವುದು ಕಷ್ಟ. ನಾನಂತೂ ಪ್ರತಿ ಸಲ ಸೋಲುತ್ತೇನೆ.

ಚಿಗರಿ, ಅಂದರೆ ಕೃಷ್ಣಮೃಗ, ದಟ್ಟ ಕಾಡಿನಲ್ಲಿ ಸಿಗುವುದಿಲ್ಲ. ಅದಕ್ಕೆ ಬಯಲು ಬೇಕು. ಹೊಲದ ಅಂಚಿನಲ್ಲಿ ನೋಡಿ. ‘ಎಷ್ಟು ಚೆಂದ ಅಲ್ವಾ’ ಎಂದು ರೈತರ ಎದುರು ಉದ್ಗರಿಸುವ ಮುಂಚೆ ಒಮ್ಮೆ ಬೆಳೆಯ ಕಡೆಯೂ ಕಣ್ಣು ಹಾಯಿಸಿ, ಮೇಯ್ದಿರುವುದು ಅವರ ಹೊಲವೇ ಇರಬಹುದು.

ಬಿಸಿಲೇರಿದ ಮೇಲೆ ಕುಂಚಾವರಂ ಕಡೆ ಹೋಗಿ. ತೆಲಂಗಾಣದ ಗಡಿ ಹತ್ತಿರವೇ, ಒಂದೇ ಕಟ್ಟೆಯ ಮೇಲೆ ಕನ್ನಡ, ತೆಲುಗು, ಲಂಬಾಣಿ ಮೂರೂ ಕೇಳುತ್ತವೆ. ಊಟಕ್ಕೆ ಹೋಟೆಲು ನಂಬಿಕೊಳ್ಳಬೇಡಿ. ಊರಿನ ಯಾವುದಾದರೂ ಮನೆಯ ಅಕ್ಕನಿಗೆ ಹಿಂದಿನ ದಿನವೇ ಹೇಳಿಟ್ಟರೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಸಿಗುತ್ತದೆ. ಬೇಡ ಎಂದರೂ ದುಡ್ಡು ಕೊಟ್ಟೇ ಬನ್ನಿ. ಪ್ಲಾಸ್ಟಿಕ್ ಬಾಟಲಿ ನಿಮ್ಮ ಜೊತೆಗೇ ವಾಪಸು ಬರಲಿ.

ದಸರಾ ಆಸುಪಾಸಿನಲ್ಲಿ ಹೋಗಿದ್ದರೆ ರಸ್ತೆ ಬದಿ ಸೀತಾಫಲದ ಬುಟ್ಟಿ ಸಿಗುತ್ತವೆ. ಸಿಪ್ಪೆಯ ಕಣ್ಣುಗಳು ಬಿರಿದಿದ್ದರೂ ಇನ್ನೂ ಗಟ್ಟಿ ಇರುವ ಕಾಯಿ ಆರಿಸಿ. ಮೆತ್ತಗಾದದ್ದನ್ನು ಅಲ್ಲೇ ತಿನ್ನಿ, ಕಲಬುರಗಿವರೆಗೆ ಅದು ಉಳಿಯುವುದಿಲ್ಲ.