ಎಂಜಿಬಿಯ ಥ್ರಾಟಲ್ ಲಿಂಕೇಜ್: ಬಿಡಲೇಬೇಕಾದ ಸಂದು

1967ರಲ್ಲಿ ಆಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ನನ್ನ ಎಂಜಿಬಿ ರೋಡ್‌ಸ್ಟರ್ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಎರಡು ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರ್‌ಗಳನ್ನು ಕಳೆದ ಚಳಿಗಾಲದಲ್ಲಿ, ಇಂಗ್ಲೆಂಡಿನ ನಮ್ಮ ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ, ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ತಟ್ಟೆಗಳನ್ನು ಹೊತ್ತ, ಸವೆದ ಸ್ಪಿಂಡಲ್‌ಗಳನ್ನು ಬದಲಿಸಿ ಮತ್ತೆ ಕೂರಿಸಿದೆ. ಸ್ಪಿಂಡಲ್‌ಗಳ ಕೆಲಸ ನಾನು ಹೆದರಿದ್ದಷ್ಟು ಕಷ್ಟವಾಗಲಿಲ್ಲ. ಎರಡೂ ತಟ್ಟೆಗಳನ್ನು ಜೊತೆಯಾಗಿ ತೆರೆಸುವ ಲಿಂಕೇಜ್ ಮಾತ್ರ ನನ್ನ ಎರಡು ಭಾನುವಾರಗಳನ್ನು ನುಂಗಿತು.

ಪ್ರತಿ ಸ್ಪಿಂಡಲ್‌ನ ತುದಿಯಲ್ಲಿ ಕವಲೊಡೆದ ಒಂದು ಲಿವರ್ ಇರುತ್ತದೆ. ಎರಡು ಕಾರ್ಬ್ಯುರೇಟರ್‌ಗಳ ನಡುವಿನ ಅಡ್ಡ ಸರಳಿಗೆ ಕ್ಲ್ಯಾಂಪ್ ಮಾಡಿದ ಪುಟ್ಟ ಲಿವರ್‌ಗಳ ಪಿನ್ನುಗಳು ಈ ಕವಲುಗಳೊಳಗೆ ಕೂರುತ್ತವೆ. ಸ್ಪಿಂಡಲ್‌ನ ನಟ್ಟು ಬಿಗಿಯುವಾಗ ಲಿವರನ್ನು ಸ್ಪ್ಯಾನರಿನಿಂದ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ತಿರುಚುವ ಬಲವೆಲ್ಲ ಒಳಗಿನ ಥ್ರಾಟಲ್ ತಟ್ಟೆಯ ಮೇಲೆ ಬೀಳುತ್ತದೆ. ಕೊನೆಗೆ ವಾಷರಿನ ನಾಲಿಗೆಯನ್ನು ನಟ್ಟಿನ ಚಪ್ಪಟೆ ಮುಖಕ್ಕೆ ಮಡಚಿದರೆ ಅಷ್ಟರಮಟ್ಟಿಗೆ ಕೆಲಸ ಮುಗಿಯಿತು.

ಎಲ್ಲೂ ಪ್ಲೇ, ಅಂದರೆ ಭಾಗಗಳ ನಡುವೆ ಸಡಿಲ, ಇರಬಾರದೆಂಬುದು ನನ್ನ ಹಳೆಯ ಹಟ. ಆದ್ದರಿಂದ ಪಿನ್ನುಗಳು ಕವಲಿನ ಕೆಳತೋಳಿಗೆ ಒತ್ತಿಕೊಂಡಿರುವಂತೆಯೇ ಕ್ಲ್ಯಾಂಪುಗಳನ್ನು ಬಿಗಿದೆ. ಎಂಜಿನ್ ಬಿಸಿಯಾದ ಮೇಲೂ ಐಡ್ಲಿಂಗ್, ಅಂದರೆ ಪೆಡಲ್ ಒತ್ತದಿದ್ದಾಗಿನ ವೇಗ, ನಿಮಿಷಕ್ಕೆ 1,600 ಸುತ್ತುಗಳಿಂದ ಇಳಿಯಲೇ ಇಲ್ಲ. ಐಡ್ಲಿಂಗ್ ಸ್ಕ್ರೂಗಳನ್ನು ಎಷ್ಟು ಬಿಚ್ಚಿದರೂ ಫಲವಿಲ್ಲದೆ, ಬೇಸರದಿಂದ ಮುಂದಿನ ಕ್ಲ್ಯಾಂಪನ್ನು ಸಡಿಲಿಸಿದ ತಕ್ಷಣ ಎಂಜಿನ್ ನಿಟ್ಟುಸಿರು ಬಿಟ್ಟಂತೆ ತಣ್ಣಗಾಯಿತು. ಹಿಂದಿನ ತಟ್ಟೆ ತನ್ನ ಸ್ಕ್ರೂವಿನ ಮೇಲೆ ಕೂತಿದ್ದರೂ, ಮುಂದಿನದನ್ನು ಸರಳೇ ತೆರೆದು ಹಿಡಿದಿತ್ತು. ಐಡ್ಲಿಂಗಿನಲ್ಲಿ ಪ್ರತಿ ತಟ್ಟೆಯೂ ತನ್ನದೇ ಸ್ಕ್ರೂವಿನ ಮೇಲೆ ನಿಲ್ಲಬೇಕಾದರೆ ಆ ಹೊತ್ತಿನಲ್ಲಿ ಪಿನ್ನುಗಳು ಕವಲನ್ನು ಮುಟ್ಟಲೇಬಾರದು ಎಂಬುದು ಆಗ ಹೊಳೆಯಿತು.

ಮುಂದಿನ ಭಾನುವಾರ ಪೆಡಲಿನಿಂದ ಬರುವ ಕೇಬಲ್ ಕಳಚಿ, ಎರಡೂ ಕ್ಲ್ಯಾಂಪುಗಳನ್ನು ಸಡಿಲಿಸಿ, ಐಡ್ಲಿಂಗ್ ಸ್ಕ್ರೂಗಳನ್ನು ಪೂರ್ತಿ ಹಿಂದೆ ಬಿಟ್ಟು, ಮುಟ್ಟಿದಲ್ಲಿಂದ ಒಂದೂವರೆ ಸುತ್ತು ಒಳಗೆ ತಿರುಗಿಸಿದೆ. ಏರ್ ಫಿಲ್ಟರ್ ತೆಗೆದು, ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೂ ಹಿಡಿದು, ಎರಡೂ ಕಡೆಯ ಸುಯ್ ಶಬ್ದ ಒಂದೇ ತೆರನಾಗುವವರೆಗೆ ಸ್ಕ್ರೂಗಳನ್ನು ಸರಿಹೊಂದಿಸಿದೆ. ಇದಕ್ಕೆಂದೇ ಮಾರುವ ಗಾಳಿಮಾಪಕ ನನ್ನ ಬಳಿ ಇದ್ದರೂ ನನಗೆ ಕಿವಿಯ ಮೇಲೆಯೇ ಹೆಚ್ಚು ನಂಬಿಕೆ. ಅನಂತರ ಎಂಜಿನ್ ನಿಲ್ಲಿಸಿ, ಅಡ್ಡ ಸರಳಿನ ತಡೆ ಮತ್ತು ಹೀಟ್ ಶೀಲ್ಡ್‌ನ ನಡುವೆ 0.012 ಅಂಗುಲದ, ಅಂದರೆ ಸುಮಾರು 0.3 ಮಿ.ಮೀ. ದಪ್ಪದ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ, ಪಿನ್ನನ್ನು ಕವಲಿನ ಕೆಳತೋಳಿಗೆ ಹಗುರವಾಗಿ ತಾಗಿಸಿ ಕ್ಲ್ಯಾಂಪ್ ಬಿಗಿದೆ; ಇನ್ನೊಂದು ಕಡೆಯೂ ಹಾಗೆಯೇ. ಗೇಜ್ ಎಳೆದ ಮೇಲೆ ಎರಡೂ ಪಿನ್ನುಗಳ ಕೆಳಗೆ ಸಮನಾದ ಸಂದು ಉಳಿಯಿತು. ಹೀಗಾದಾಗ ಸರಳು ತಿರುಗಿದರೆ ಎರಡು ತಟ್ಟೆಗಳೂ ಒಂದೇ ಕ್ಷಣಕ್ಕೆ ತೆರೆಯುತ್ತವೆ.

ಈಗ ಐಡ್ಲಿಂಗ್ 800ರ ಆಸುಪಾಸಿನಲ್ಲಿ ನಿಂತಿದೆ. ಕೇಬಲ್ಲಿಗೂ ಚೂರು ಸಡಿಲ ಬಿಟ್ಟು ಕಟ್ಟಿದೆ. ಪೆಡಲನ್ನು ಪೂರ್ತಿ ಒತ್ತಲು ಹೆಂಡತಿಗೆ ಹೇಳಿ ಬಾನೆಟ್ಟಿನಡಿ ಬಗ್ಗಿ ನೋಡಿದರೆ ತಟ್ಟೆಗಳು ಮುಕ್ಕಾಲು ಭಾಗವಷ್ಟೇ ತೆರೆಯುತ್ತಿದ್ದವು. ಪೆಡಲಿನ ಕೆಳಗೆ ನಾನೇ ಹಾಸಿದ್ದ ದಪ್ಪನೆಯ ಮ್ಯಾಟ್ ಅಡ್ಡವಾಗಿತ್ತು. ಅದನ್ನು ಎತ್ತಿ ಮೂಲೆಗೆಸೆದೆ.