ಪತ್ರಿಕೆಗೊಂದು ಪತ್ರ, ಜಿಲ್ಲಾಧಿಕಾರಿಗೊಂದು ಪ್ರತಿ

ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕತ್ತು ಓರೆ ಮಾಡಿಕೊಂಡು ಬೈಕ್ ಓಡಿಸುವವನನ್ನು ಕಂಡು ಮೈ ಉರಿದ ದಿನವೇ ಪತ್ರಿಕೆಗೆ ಪತ್ರ ಬರೆಯಲು ಕೂರಬೇಡಿ. ಆ ದಿನದ ಪತ್ರದಲ್ಲಿ ಬೈಗುಳ ಇರುತ್ತದೆ, ರಸ್ತೆಯ ಹೆಸರು ಇರುವುದಿಲ್ಲ. ‘ಇಂದಿನ ಯುವಜನತೆ ಎತ್ತ ಸಾಗುತ್ತಿದೆ’ ಎಂದು ಶುರುವಾಗಿ ‘ಸಂಬಂಧಪಟ್ಟವರು ಇತ್ತ ಗಮನಹರಿಸುವರೇ?’ ಎಂದು ಮುಗಿಯುತ್ತದೆ. ಸಂಬಂಧಪಟ್ಟವರು ಯಾರು ಎಂದು ನೀವೇ ಹೇಳದಿದ್ದರೆ, ಅದು ತಮಗೆ ಸಂಬಂಧಪಟ್ಟಿದ್ದಲ್ಲ ಎಂದು ಎಲ್ಲರೂ ನೆಮ್ಮದಿಯಿಂದ ಪುಟ ತಿರುಗಿಸುತ್ತಾರೆ.

ಮಂಡ್ಯದ ಸರ್ಕಾರಿ ಕಚೇರಿಗಳ ಆಸುಪಾಸಿನಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಪಹಣಿ ತಿದ್ದುಪಡಿ, ಪೋಡಿ (ಜಮೀನು ವಿಭಜನೆ), ವಿಧವಾ ವೇತನ, ಹೀಗೆ ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುವುದು ನನ್ನ ಕಸುಬು. ಅದರ ಜೊತೆಗೆ ಪತ್ರಿಕೆಗೆ ಬರೆಯುವ ಹುಚ್ಚೂ ಇದೆ. ಎಂಥ ಕಾಗದ ಮೇಜಿನ ಮೇಲೆಯೇ ಕೊಳೆಯುತ್ತದೆ, ಎಂಥದ್ದು ಮುಂದಿನ ಮೇಜಿಗೆ ಹೋಗುತ್ತದೆ ಎಂಬುದನ್ನು ನೋಡುತ್ತಲೇ ಕೂದಲು ನರೆತಿದೆ. ಮೊಬೈಲ್ ಹಿಡಿದು ವಾಹನ ಓಡಿಸುವವರ ವಿಚಾರವನ್ನೇ ಇಟ್ಟುಕೊಂಡು ಆ ವಿದ್ಯೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಸ್ಥಳೀಯ ಪುಟವನ್ನು ಓದುವುದನ್ನು ಕಲಿಯಬೇಕು. ಅಪಘಾತದ ಸುದ್ದಿಯೊಂದನ್ನು ತೆಗೆದುಕೊಳ್ಳಿ. ‘ಚಾಲಕನ ನಿಯಂತ್ರಣ ತಪ್ಪಿದ ಕಾರು ಮರಕ್ಕೆ ಡಿಕ್ಕಿ ಹೊಡೆದು’ ಎಂಬ ಸಾಲು ಇದ್ದೇ ಇರುತ್ತದೆ. ಸ್ಥಳಕ್ಕೆ ಪೊಲೀಸರು ಭೇಟಿ ನೀಡಿದರು, ಪ್ರಕರಣ ದಾಖಲಾಗಿದೆ, ಅಲ್ಲಿಗೆ ಸುದ್ದಿ ಮುಗಿಯಿತು. ನಿಯಂತ್ರಣ ಏಕೆ ತಪ್ಪಿತು? ನಿದ್ದೆಯೇ, ಕುಡಿತವೇ, ಗುಂಡಿಯೇ, ಅಂಗೈಯಲ್ಲಿದ್ದ ಪರದೆಯೇ? ವರದಿಗಾರರನ್ನು ನಾನು ದೂರುವುದಿಲ್ಲ. ಒಂದು ತಾಲ್ಲೂಕಿಗೆಲ್ಲ ಒಬ್ಬರೇ ಇರುತ್ತಾರೆ, ಬೆಳಿಗ್ಗೆ ಸಚಿವರ ಕಾರ್ಯಕ್ರಮ, ಮಧ್ಯಾಹ್ನ ರೈತರ ಧರಣಿ, ಸಂಜೆ ಅಪಘಾತ. ಆದರೆ ಅವರು ಬಿಟ್ಟ ಪ್ರಶ್ನೆಯೇ ನಿಮ್ಮ ಪತ್ರ ಶುರುವಾಗಬೇಕಾದ ಜಾಗ.

ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ದೇಶದಲ್ಲಿ ಆ ವರ್ಷ 4,61,312 ಅಪಘಾತಗಳಾಗಿ 1,68,491 ಜನ ಸತ್ತರು. ಅದರಲ್ಲಿ ಅತಿವೇಗದ ಖಾತೆಗೆ ಬರೆದದ್ದು ಶೇ 70ಕ್ಕೂ ಹೆಚ್ಚು ಸಾವು. ಮೊಬೈಲ್ ಬಳಕೆಯ ಖಾತೆಗೆ ಬಂದದ್ದು ಶೇ 2ರ ಆಸುಪಾಸು. ಈ ಅಂಕಿಯನ್ನು ಮುಂದಿಟ್ಟು ‘ಮೊಬೈಲ್ ದೊಡ್ಡ ಸಮಸ್ಯೆಯೇನಲ್ಲ’ ಎಂದು ವಾದಿಸುವವರು ನಿಮಗೆ ಸಿಗುತ್ತಾರೆ. ಅವರಿಗೆ ಒಂದೇ ಮಾತು ಕೇಳಿ: ಸತ್ತ ಚಾಲಕನ ಕೈಯಲ್ಲಿ ಡಿಕ್ಕಿಯ ಕ್ಷಣಕ್ಕೆ ಮೊಬೈಲ್ ಇತ್ತೇ ಎಂದು ಮಹಜರಿನಲ್ಲಿ ಬರೆಯುವವರು ಯಾರು? ವೇಗವನ್ನು ಟೈರಿನ ಗುರುತು ಹೇಳುತ್ತದೆ, ನಜ್ಜುಗುಜ್ಜಾದ ಬಂಪರ್ ಹೇಳುತ್ತದೆ. ಮೊಬೈಲ್ ಸೀಟಿನ ಕೆಳಗೆ ಬಿದ್ದು ಸುಮ್ಮನಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಪರದೆ ನೋಡಿದರೆ ಗಾಡಿ 50 ಮೀಟರ್ ದೂರ ಕುರುಡಾಗಿ ಹೋಗಿರುತ್ತದೆ. ಈ ಲೆಕ್ಕಕ್ಕೆ ಯಾವ ವರದಿಯೂ ಬೇಡ, ಗುಣಾಕಾರ ಬಂದರೆ ಸಾಕು. ಪತ್ರದಲ್ಲಿ ಅಂಕಿ ಹಾಕುವುದಾದರೆ ಇಂಥದ್ದೊಂದನ್ನು ಹಾಕಿ, ಒಂದಕ್ಕಿಂತ ಹೆಚ್ಚು ಬೇಡ.

ಕಾನೂನಿನ ಮಾತನ್ನೂ ಸರಿಯಾಗಿ ಬರೆಯಬೇಕು, ಇಲ್ಲದಿದ್ದರೆ ಉತ್ತರಿಸುವ ಅಧಿಕಾರಿ ಆ ತಪ್ಪೊಂದನ್ನೇ ಹಿಡಿದು ಉಳಿದದ್ದನ್ನು ಬಿಡುತ್ತಾರೆ. ಮೋಟಾರು ವಾಹನ ಕಾಯ್ದೆ 1988ರದು. 2019ರ ತಿದ್ದುಪಡಿಯಲ್ಲಿ, ಕೈಯಲ್ಲಿ ಹಿಡಿಯುವ ಸಂವಹನ ಸಾಧನವನ್ನು ಓಡಿಸುತ್ತಾ ಬಳಸುವುದನ್ನು ಕಲಂ 184ರ ಅಪಾಯಕಾರಿ ಚಾಲನೆಯ ಪಟ್ಟಿಗೆ ಹೆಸರಿಟ್ಟು ಸೇರಿಸಿದರು. ಮೊದಲ ಸಲ ಸಿಕ್ಕಿಬಿದ್ದರೆ ಕಾಯ್ದೆಯ ಪ್ರಕಾರ ಒಂದು ಸಾವಿರದಿಂದ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಅಥವಾ ಎರಡೂ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮವು ದಾರಿ ನೋಡಿಕೊಳ್ಳಲು ಮಾತ್ರ ಇಂಥ ಸಾಧನವನ್ನು ಬಳಸಬಹುದು ಎನ್ನುತ್ತದೆ, ಅದೂ ಚಾಲಕನ ಗಮನ ಕೆಡದಂತೆ. ಹೆಲ್ಮೆಟ್ಟಿನೊಳಗೆ ಮೊಬೈಲ್ ತುರುಕಿಕೊಂಡವರು ‘ನಾನು ಕೈಯಲ್ಲಿ ಹಿಡಿದಿಲ್ಲವಲ್ಲ’ ಎಂದು ವಾದಿಸಿದ್ದನ್ನು ಕೇಳಿದ್ದೇನೆ. ವಾದ ಜಾಣತನದ್ದೇ. ಎದುರಿಗೆ ಬರುವ ಕಬ್ಬಿನ ಟ್ರ್ಯಾಕ್ಟರಿಗೆ ಅದು ಅರ್ಥವಾಗುವುದಿಲ್ಲ, ಅಷ್ಟೇ. ಆ ಟ್ರ್ಯಾಕ್ಟರಿನ ಚಾಲಕನ ಕೈಯಲ್ಲೂ ಹಲವು ಸಲ ಮೊಬೈಲ್ ಇರುತ್ತದೆ, ಹಿಂದಿನ ಟ್ರೈಲರಿಗೆ ದೀಪ ಇರುವುದಿಲ್ಲ. ಅದು ಇನ್ನೊಂದು ಪತ್ರದ ವಿಷಯ. ಒಂದು ಪತ್ರಕ್ಕೆ ಒಂದೇ ವಿಷಯ ಎಂಬುದನ್ನು ಮಾತ್ರ ಮರೆಯಬೇಡಿ.

ಇನ್ನು ರಾಜಕೀಯ. ‘ಜನಪ್ರತಿನಿಧಿಗಳು ಎಚ್ಚೆತ್ತುಕೊಳ್ಳಲಿ’ ಎಂದು ಬರೆದರೆ ಯಾವ ಜನಪ್ರತಿನಿಧಿಯೂ ಎಚ್ಚೆತ್ತುಕೊಳ್ಳುವುದಿಲ್ಲ. ರಸ್ತೆ ಯಾರದು ಎಂದು ಮೊದಲು ತಿಳಿದುಕೊಳ್ಳಿ. ಬೆಂಗಳೂರು–ಮೈಸೂರು ನಡುವಿನ ರಾಷ್ಟ್ರೀಯ ಹೆದ್ದಾರಿ 275ರ ಹೊಸ ರಸ್ತೆಯಾದರೆ ಅದು ಕೇಂದ್ರದ ಹೆದ್ದಾರಿ ಪ್ರಾಧಿಕಾರದ್ದು, ಕೇಳಬೇಕಾದವರು ಸಂಸದರು, ಕೇಳಬೇಕಾದ ಜಾಗ ಅವರ ಅಧ್ಯಕ್ಷತೆಯ ದಿಶಾ (ಜಿಲ್ಲಾ ಅಭಿವೃದ್ಧಿ ಸಮನ್ವಯ ಮತ್ತು ಉಸ್ತುವಾರಿ ಸಮಿತಿ) ಸಭೆ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ, ಶಾಸಕರು, ಉಸ್ತುವಾರಿ ಸಚಿವರು ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆ. ಊರೊಳಗಿನ ಬೀದಿಯಾದರೆ ನಗರಸಭೆಯ ಪೌರಾಯುಕ್ತರು. ಎಲ್ಲಕ್ಕೂ ಮೇಲೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಎಂಬುದೊಂದಿದೆ. ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಪೊಲೀಸ್ ವರಿಷ್ಠಾಧಿಕಾರಿ, ಆರ್‌ಟಿಒ, ಎಂಜಿನಿಯರುಗಳು ಒಂದೇ ಕೋಣೆಯಲ್ಲಿ ಕೂರುವ ಸಭೆ ಅದು. ‘ನಮ್ಮದಲ್ಲ, ಅವರದು’ ಎನ್ನಲು ಅಲ್ಲಿ ಆಗುವುದಿಲ್ಲ, ಏಕೆಂದರೆ ಅವರೂ ಪಕ್ಕದಲ್ಲೇ ಇರುತ್ತಾರೆ. ನಿಮ್ಮ ಪತ್ರ ಆ ಸಭೆಗೆ ಮೊದಲು ಅಚ್ಚಾಗುವಂತೆ ನೋಡಿಕೊಳ್ಳಿ. ಸಭೆ ಮುಗಿದ ಮರುದಿನ ಅಚ್ಚಾದರೆ ಮುಂದಿನ ಸಭೆಯವರೆಗೆ ಕಾಯಬೇಕು.

ಏನನ್ನು ಕೇಳಬೇಕು ಎಂಬುದರಲ್ಲೇ ಹೆಚ್ಚಿನವರು ಸೋಲುತ್ತಾರೆ. ನಮ್ಮ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯನ್ನು ನೋಡಿ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಖಾಸಗಿ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತರು. 2023ರಲ್ಲಿ ಬನಘಟ್ಟದ ಬಳಿ ಕಾರು ಬಿದ್ದು ಐವರು ಸತ್ತರು. ಪ್ರತಿ ಸಲವೂ ಜನ ಕೇಳಿದ್ದು ತಡೆಗೋಡೆಯನ್ನು. ತಡವಾಗಬಹುದು, ಅರ್ಧಂಬರ್ಧ ಆಗಬಹುದು, ಆದರೆ ತಡೆಗೋಡೆ ಅಂದಾಜುಪಟ್ಟಿಯಲ್ಲಿ ಬರೆಯಬಹುದಾದ ವಸ್ತು. ‘ಚಾಲಕರಲ್ಲಿ ಜಾಗೃತಿ’ ಅಂದಾಜುಪಟ್ಟಿಗೆ ಬರುವುದಿಲ್ಲ. ಬಂದರೂ ಅದು ಒಂದು ಜಾಥಾ, ಹತ್ತು ಫ್ಲೆಕ್ಸ್, ಒಂದು ಹಾರ ಆಗಿ ಮುಗಿಯುತ್ತದೆ. ಹಾಗಾಗಿ ಮೊಬೈಲಿನ ಸಿಟ್ಟನ್ನೂ ಎಣಿಸಬಹುದಾದ ಬೇಡಿಕೆಯಾಗಿ ಮಾಡಿ: ಇಂಥ ವೃತ್ತದಲ್ಲಿ ಸಂಜೆ ಇಂಥ ಹೊತ್ತಿನಲ್ಲಿ ತಪಾಸಣೆ, ಇಂಥ ತಿರುವಿನಲ್ಲಿ ಕ್ಯಾಮೆರಾ, ಶಾಲೆಯ ಮುಂದೆ ಬಣ್ಣ ಅಳಿಸಿಹೋದ ರಸ್ತೆ ಉಬ್ಬಿಗೆ ಮತ್ತೆ ಬಣ್ಣ, ಕಲಂ 184ರಡಿ ಹಾಕಿದ ಮೊಬೈಲ್ ಪ್ರಕರಣಗಳ ಸಂಖ್ಯೆ ತಿಂಗಳಿಗೊಮ್ಮೆ ಪತ್ರಿಕೆಗೆ.

ರಾಜಕಾರಣಿಗಳಿಂದ ಇನ್ನೊಂದನ್ನು ಕೇಳಬಹುದು, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಮೊಬೈಲ್ ಹಿಡಿದು ಬಂದವನನ್ನು ಪೊಲೀಸರು ತಡೆದರೆ ಅವನು ಮಾಡುವ ಮೊದಲ ಕೆಲಸ ಅದೇ ಮೊಬೈಲಿನಲ್ಲಿ ಕರೆ ಮಾಡಿ ‘ಅಣ್ಣ ಮಾತಾಡುತ್ತಾರೆ, ತಗೊಳ್ಳಿ ಸಾರ್’ ಎಂದು ಪೇದೆಯ ಕೈಗೆ ಕೊಡುವುದು. ಆ ಅಣ್ಣ ಯಾವ ಪಕ್ಷದವರಾದರೂ ಇರಬಹುದು. ನಮ್ಮ ಕಡೆ ಮೂರು ಪಕ್ಷಗಳಲ್ಲೂ ಇಂಥ ಅಣ್ಣಂದಿರಿಗೆ ಬರವಿಲ್ಲ. ‘ಸಂಚಾರ ದಂಡದ ವಿಷಯಕ್ಕೆ ಠಾಣೆಗೆ ಕರೆ ಮಾಡುವುದಿಲ್ಲ ಎಂದು ಶಾಸಕರು ಬಹಿರಂಗವಾಗಿ ಹೇಳಲಿ’ ಎಂದು ಬರೆದು ನೋಡಿ. ಹೇಳುವುದು ಅನುಮಾನ, ಆದರೆ ಆ ಸಾಲನ್ನು ಎಲ್ಲರೂ ಓದುತ್ತಾರೆ.

ಪಕ್ಷದ ಬಣ್ಣ ಹತ್ತದಂತೆ ಬರೆಯುವುದಕ್ಕೂ ಒಂದು ದಾರಿ ಇದೆ. ಸಂಚಾರ ದಂಡದ ಬಾಕಿಗೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟದ್ದನ್ನು ಟೀಕಿಸುವುದಾದರೆ, 2023ರ ಫೆಬ್ರುವರಿಯಲ್ಲಿ ಬಿಜೆಪಿ ಸರ್ಕಾರ ಕೊಟ್ಟದ್ದನ್ನೂ, 2025ರ ಆಗಸ್ಟ್‌–ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಸರ್ಕಾರ ಕೊಟ್ಟದ್ದನ್ನೂ ಒಂದೇ ವಾಕ್ಯದಲ್ಲಿ ಬರೆಯಿರಿ. ಬಾಕಿ ವಸೂಲಾಗುತ್ತದೆ, ನ್ಯಾಯಾಲಯಗಳ ಹೊರೆ ಇಳಿಯುತ್ತದೆ ಎಂಬ ವಾದ ನನಗೂ ಗೊತ್ತು. ಆದರೆ ಅಂದೇ ಕಟ್ಟಿದವರು ಪೂರ್ತಿ ಕೊಟ್ಟರು, ಕಟ್ಟದೆ ಕೂತವರು ಅರ್ಧ ಕೊಟ್ಟರು. ಮುಂದಿನ ಸಲ ಕಾಯುವವರ ಸಾಲು ಉದ್ದವಾಗದೆ ಇರುತ್ತದೆಯೇ? ಎರಡೂ ಕಡೆಯವರಿಗೆ ಚುಚ್ಚಿದ ಪತ್ರವನ್ನು ಸಂಪಾದಕರು ಹೆಚ್ಚು ಧೈರ್ಯದಿಂದ ಹಾಕುತ್ತಾರೆ.

ಬರೆಯುವ ಮುಂಚೆ ಅರ್ಧ ಗಂಟೆ ಹೋಗಿ ನಿಂತು ಎಣಿಸಿ. ಸಂಜಯ ವೃತ್ತವೋ, ಮಹಾವೀರ ವೃತ್ತವೋ, ನಿಮ್ಮೂರಿನ ಬಸ್ ನಿಲ್ದಾಣದ ತಿರುವೋ, ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಚೀಟಿಯಲ್ಲಿ ಗೆರೆ ಎಳೆಯುತ್ತಾ ಹೋಗಿ. ಬೈಕ್, ಆಟೊ, ಕಾರು, ಸರಕು ಗಾಡಿ ಬೇರೆ ಬೇರೆ ಸಾಲಿನಲ್ಲಿರಲಿ. ಫೋಟೊ ತೆಗೆಯುವುದಾದರೆ ನಿಂತು ತೆಗೆಯಿರಿ. ಸ್ಕೂಟರ್ ಓಡಿಸುತ್ತಲೇ ಪಕ್ಕದವರ ಫೋಟೊ ತೆಗೆದು ತಂದು ‘ಮೇಡಂ, ಸಾಕ್ಷಿ’ ಎಂದು ನನ್ನ ಮುಂದೆ ಹಿಡಿದ ಮಹನೀಯರೊಬ್ಬರಿದ್ದಾರೆ. ಪತ್ರಿಕೆಗೆ ಕಳುಹಿಸುವ ಚಿತ್ರದಲ್ಲಿ ಮುಖವನ್ನೂ ನೋಂದಣಿ ಸಂಖ್ಯೆಯನ್ನೂ ಮಸುಕಾಗಿಸಿ, ಸಂಖ್ಯೆ ಬೇಕಾಗಿರುವುದು ಪೊಲೀಸರಿಗೆ. ಅಪಘಾತದ ಶವಗಳ ಚಿತ್ರವನ್ನಂತೂ ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ. ಮನೆಯವರಿಗೆ ಸುದ್ದಿ ಮುಟ್ಟುವ ಮೊದಲೇ ಚಿತ್ರ ಮುಟ್ಟಿದ ಮನೆಗಳನ್ನು ಬಲ್ಲೆ.

ಪತ್ರ ಹೀಗಿರಲಿ:

‘ಮಾನ್ಯರೇ, ಮಂಡ್ಯದ ಸಂಜಯ ವೃತ್ತದಲ್ಲಿ ಸಂಜೆ 5ರಿಂದ 6ರವರೆಗೆ ಸಂಚಾರ ಪೊಲೀಸರು ಮೊಬೈಲ್ ಬಳಕೆಯ ತಪಾಸಣೆ ನಡೆಸಬೇಕು. ಇದೇ (ದಿನಾಂಕ) ಸಂಜೆ ಅರ್ಧ ಗಂಟೆ ಅಲ್ಲಿ ನಿಂತು ಎಣಿಸಿದಾಗ (ನೀವು ಎಣಿಸಿದ ಸಂಖ್ಯೆ) ಚಾಲಕರು ಓಡಿಸುತ್ತಲೇ ಮೊಬೈಲ್ ಬಳಸುತ್ತಿದ್ದರು. ಶಾಲಾ ಕಾಲೇಜು ಮಕ್ಕಳು ಮನೆಗೆ ಹೋಗುವ ಹೊತ್ತದು. ಮೋಟಾರು ವಾಹನ ಕಾಯ್ದೆಯ ಕಲಂ 184ರ ಪ್ರಕಾರ ಇದು ಅಪಾಯಕಾರಿ ಚಾಲನೆ. ಈ ಕಲಂನಡಿ ಎಷ್ಟು ಪ್ರಕರಣ ದಾಖಲಾಗಿವೆ ಎಂಬುದನ್ನು ಪೊಲೀಸ್ ಇಲಾಖೆ ಪ್ರತಿ ತಿಂಗಳು ಪ್ರಕಟಿಸಲಿ. ವಿಷಯವನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿನ ಸಭೆಯಲ್ಲಿ ಜಿಲ್ಲಾಧಿಕಾರಿಯವರು ಎತ್ತಿಕೊಳ್ಳಲಿ.’

ಬೇಡಿಕೆ ಮೊದಲ ವಾಕ್ಯದಲ್ಲೇ ಇದೆ ನೋಡಿ. ಜಾಗ ಸಾಲದಿದ್ದಾಗ ಪತ್ರವನ್ನು ಕೊನೆಯಿಂದ ಕತ್ತರಿಸುತ್ತಾರೆ. ಬೇಡಿಕೆಯನ್ನು ಕೊನೆಗಿಟ್ಟವರ ಪತ್ರ ಬರೀ ಪೀಠಿಕೆಯಾಗಿ ಅಚ್ಚಾಗುತ್ತದೆ. ಹೆಸರು, ಪೂರ್ತಿ ವಿಳಾಸ, ಫೋನ್ ಸಂಖ್ಯೆ ಇರಲೇಬೇಕು. ಹೆಸರು ಪ್ರಕಟಿಸಬಾರದೆಂದಿದ್ದರೆ ಹಾಗೆಂದು ಬರೆಯಿರಿ, ಆದರೆ ಸಂಪಾದಕರಿಗೆ ಗೊತ್ತಿರಲಿ. ಕಸುಬಿನ ಮಾತೊಂದು: ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಇಮೇಲ್‌ಗೆ ಅಂಟಿಸಿದರೆ ಆ ಕಡೆ ಬರೀ ಚಿಹ್ನೆಗಳ ಸಂತೆ ಕಾಣುತ್ತದೆ. ಯೂನಿಕೋಡಿಗೆ ಬದಲಿಸಿ, ಇಮೇಲಿನೊಳಗೇ ಅಂಟಿಸಿ. ಪಿಡಿಎಫ್ ಕಳುಹಿಸಿದರೆ ಮತ್ತೆ ಟೈಪ್ ಮಾಡಿಕೊಳ್ಳಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಅಚ್ಚಾದ ದಿನ ಹಿಗ್ಗಿ ಸ್ಟೇಟಸ್ ಹಾಕಿಕೊಂಡು ಸುಮ್ಮನಾದರೆ ಅರ್ಧ ಕೆಲಸ ಉಳಿಯಿತು. ಪತ್ರಿಕೆಯ ತುಣುಕನ್ನು ಬಿಳಿ ಹಾಳೆಗೆ ಅಂಟಿಸಿ, ದಿನಾಂಕ ಬರೆದು, ಒಂದು ಪುಟದ ಮನವಿಯ ಜೊತೆ ಜಿಲ್ಲಾಧಿಕಾರಿ ಕಚೇರಿಯ ಟಪಾಲು ಶಾಖೆಗೆ ಕೊಡಿ. ಎರಡನೇ ಪ್ರತಿಯ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಓಡಾಡಲು ಆಗದವರು ರಾಜ್ಯ ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನದ 1902ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಬಹುದು.

ಒಂದು ತಿಂಗಳು ಕಾದರೂ ಉತ್ತರವಿಲ್ಲವೆಂದರೆ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು. ಇದನ್ನು ತಿಳಿಯದೆ ನಾಲ್ಕು ಪುಟ ಬರೆದು ತಿರಸ್ಕೃತರಾಗಿ ಬಂದವರು ನನ್ನ ಅಂಗಡಿಯ ಹಳೆಯ ಗಿರಾಕಿಗಳು. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬೇಡಿ, ಏಕೆ ಎಂಬುದು ದಾಖಲೆಯಲ್ಲಿರುವುದಿಲ್ಲ. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ, ಮೊಬೈಲ್ ಬಳಕೆಗಾಗಿ ಕಲಂ 184ರಡಿ ದಾಖಲಾದ ಪ್ರಕರಣಗಳ ತಿಂಗಳುವಾರು ಸಂಖ್ಯೆ’ ಎಂದು ಕೇಳಿ. ರಸ್ತೆ ಸುರಕ್ಷತಾ ಸಮಿತಿಯ ಸಭೆಯ ನಡಾವಳಿಯ ಪ್ರತಿ ಬೇಕಿದ್ದರೆ ಅದಕ್ಕೆ ಬೇರೆ ಅರ್ಜಿ, ಬೇರೆ ಹತ್ತು ರೂಪಾಯಿ.

ಬಂದ ಸಂಖ್ಯೆಯನ್ನು ಇಟ್ಟುಕೊಂಡು ಎರಡನೇ ಪತ್ರ ಬರೆಯಿರಿ. ನಾಲ್ಕೇ ಸಾಲು ಸಾಕು: ಮೊದಲ ಪತ್ರ ಅಚ್ಚಾದ ದಿನಾಂಕ, ಸೀಲು ಬಿದ್ದ ದಿನಾಂಕ, ಇಲಾಖೆ ಕೊಟ್ಟ ಸಂಖ್ಯೆ, ನೀವು ಅರ್ಧ ಗಂಟೆಯಲ್ಲಿ ಎಣಿಸಿದ ಸಂಖ್ಯೆ. ವಿಶೇಷಣ ಒಂದೂ ಬೇಡ. ಈ ಎರಡನೇ ಪತ್ರದ ಟೈಪಿಂಗಿಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ, ಜೆರಾಕ್ಸಿಗೆ ಮಾತ್ರ ಕೊಡಿ.